ಬೀಳದ ಗ್ಯಾಲರಿ

ನನ್ನ ಡೈರಿಗೆ ಒಂದು ಐಬಿದೆ. ಅದನ್ನು ನಾನು ಬೆಳಿಗ್ಗೆ ಬರೆಯುತ್ತೇನೆ. ಡೈರಿ ಬರೆಯುವ ಮಂದಿಯೆಲ್ಲ ಮಲಗುವ ಮುಂಚೆ ದಿನವನ್ನೊಮ್ಮೆ ನೆನೆದುಕೊಂಡು, ಒಂದೆರಡು ನಿಟ್ಟುಸಿರನ್ನೂ ಬೆರೆಸಿ ಬರೆಯುತ್ತಾರೆಂದು ಕೇಳಿದ್ದೇನೆ. ನನಗೆ ಊಟವಾದ ಮೇಲೆ ಕಣ್ಣು ಎಳೆಯುತ್ತದೆ. ನಿಟ್ಟುಸಿರು ಬಿಡುವುದಕ್ಕೂ ತ್ರಾಣವಿರುವುದಿಲ್ಲ. ಹಾಗಾಗಿ ನಿನ್ನೆಯದನ್ನು ಇವತ್ತು ಬೆಳಿಗ್ಗೆ, ಕಾಫಿ ಕುಡಿದು, ಪೇಪರ್ ಓದಿ ಮುಗಿಸಿ, ಅದೇ ಪೇಪರನ್ನು ನಾಲ್ಕಾಗಿ ಮಡಚಿ ಡೈರಿಯ ಕೆಳಗೆ ಮೆತ್ತೆಯ ಹಾಗೆ ಇಟ್ಟುಕೊಂಡು ಬರೆಯುವುದು ಮೂವತ್ತು ವರ್ಷದ ರೂಢಿ.

ಮದುವೆಯಾದ ಹೊಸದರಲ್ಲಿ ನಮ್ಮನೆಯವರು ಈ ಡೈರಿಯನ್ನು ಕದ್ದು ಓದಿದರು. ಹೆಂಡತಿಯ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವ ಆಸೆ ಯಾವ ಗಂಡನಿಗಿಲ್ಲ ಹೇಳಿ. ಓದಿ ಮುಗಿಸಿ ಬಹಳ ನಿರಾಸೆಯಿಂದ, "ಇದ್ರಲ್ಲಿ ನಿನ್ನ ಗುಟ್ಟು ಒಂದೂ ಇಲ್ವಲ್ಲ ಮಾರಾಯ್ತಿ, ಎಲ್ಲಾ ಪೇಪರ್‌ನೋರ ಗುಟ್ಟೇ" ಎಂದರು. ಕದ್ದು ಓದಿದ್ದಕ್ಕೆ ಸಿಟ್ಟು ಮಾಡಬೇಕೋ, ಓದಿಯೂ ಏನೂ ಸಿಗಲಿಲ್ಲವೆಂದದ್ದಕ್ಕೆ ಮಾಡಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಒಂದು ವಾರ ಮಾಡಿದೆ. ಆಮೇಲೆ ಒಬ್ಬಳೇ ಕೂತು ಪುಟ ತಿರುವಿದರೆ ಅವರ ಮಾತಿನಲ್ಲಿ ಹುರುಳಿತ್ತು. ಮಳೆಗಾಲದ ಒಂದು ದಿನದ ಕೆಳಗೆ "ಭಾರಿ ಮಳೆ, ಜನಜೀವನ ಅಸ್ತವ್ಯಸ್ತ" ಎಂದು ಬರೆದುಕೊಂಡಿದ್ದೆ. ನನಗೆ ನೆನಪಿರುವ ಮಟ್ಟಿಗೆ ಅವತ್ತು ಕಾಲೇಜಿಗೆ ರಜೆ ಕೊಟ್ಟಿದ್ದರು. ನಾನು ಈರುಳ್ಳಿ ಬಜ್ಜಿ ಕರಿದು ತಿಂದು ಮಧ್ಯಾಹ್ನವೆಲ್ಲ ಹೊದ್ದು ಮಲಗಿದ್ದೆ. ನನ್ನ ಜನಜೀವನ ಅಷ್ಟು ವ್ಯವಸ್ಥಿತವಾಗಿ ಮತ್ತೆಂದೂ ಇರಲಿಲ್ಲ.

ಇದರಲ್ಲಿ ನಾಚಿಕೆಪಡುವ ಸಂಗತಿಯೆಂದರೆ, ನಾನು ಕಾಲೇಜಿನಲ್ಲಿ ಪಾಠ ಮಾಡುವುದು ಪ್ರಾಣಿಶಾಸ್ತ್ರ. ಪ್ರಾಕ್ಟಿಕಲ್ ತರಗತಿಯಲ್ಲಿ ಹುಡುಗ ಹುಡುಗಿಯರು ಒಂದು ಕಣ್ಣನ್ನು ಮೈಕ್ರೋಸ್ಕೋಪಿಗೆ ಕೊಟ್ಟು, ಇನ್ನೊಂದು ಕಣ್ಣಿನಿಂದ ಪುಸ್ತಕದ ಚಿತ್ರ ನೋಡಿಕೊಂಡು ರೆಕಾರ್ಡ್ ಬರೆಯುತ್ತಾರೆ. ಸ್ಲೈಡಿನ ಹುಳಕ್ಕೆ ಬಾಲ ಮುರಿದಿದ್ದರೂ ರೆಕಾರ್ಡಿನ ಹುಳಕ್ಕೆ ಚಂದದ ಬಾಲವಿರುತ್ತದೆ. "ಕಂಡದ್ದನ್ನು ಬಿಡಿಸಿ, ಪುಸ್ತಕದಲ್ಲಿರುವುದನ್ನಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದೂ ಬರೆದೂ ನನ್ನ ಬೆರಳು ಸವೆದಿದೆ. ಮಾರನೆಯ ಬೆಳಿಗ್ಗೆ ಅದೇ ಬೆರಳು ಪೇಪರ್ ನೋಡಿಕೊಂಡು ಡೈರಿ ಬರೆಯುತ್ತದೆ.

ಪೇಪರಿನ ಮೇಲೆ ನನಗಿರುವ ನಂಬಿಕೆ ಓದಿನಿಂದ ಬಂದದ್ದಲ್ಲ, ಬೆಳೆದ ಜಾಗದಿಂದ ಬಂದದ್ದು. ಈಗ ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆ. ಆದರೆ ನಾನು ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾಗದದ ಕಾರ್ಖಾನೆಯ ಮೆಷಿನ್ ವಿಭಾಗದಲ್ಲಿದ್ದರು. ಪತ್ರಿಕೆಗಳು ಅಚ್ಚಾಗುವ ಕಾಗದ ಅಲ್ಲಿ ತಯಾರಾಗುತ್ತಿತ್ತು. ಆನೆಗಾತ್ರದ ಸುರುಳಿಗಳು ಲಾರಿ ಹತ್ತಿ ಖಾಲಿಯಾಗಿ ಹೋಗಿ, ಕೆಲವು ದಿನಗಳ ಮೇಲೆ ಸುದ್ದಿ ಹೊತ್ತುಕೊಂಡು ಮನೆ ಬಾಗಿಲಿಗೆ ವಾಪಸು ಬರುತ್ತಿದ್ದವು. ತವರಿಗೆ ಬಂದ ಮಗಳನ್ನು ಮಾತಾಡಿಸಿದ ಹಾಗೆ ಅಪ್ಪ ಪೇಪರನ್ನು ಮಾತಾಡಿಸುತ್ತಿದ್ದರು. ಮೊದಲು ಓದುತ್ತಿರಲಿಲ್ಲ. ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, "ನಮ್ದೇ" ಎನ್ನುತ್ತಿದ್ದರು. ನಮ್ಮದೇ ಆದರೆ ಅವತ್ತಿನ ಸುದ್ದಿಯೆಲ್ಲ ನಿಜ. ಒಮ್ಮೊಮ್ಮೆ ಹೊರದೇಶದ ಕಾಗದದಲ್ಲಿ ಪೇಪರ್ ಬಂದರೆ ಮುಖ ಸಣ್ಣದು ಮಾಡಿಕೊಂಡು, "ಹೊರಗಿಂದು. ನಾಳೆವರೆಗೂ ನೋಡಣ" ಎಂದು, ಮುಖ್ಯಮಂತ್ರಿ ಬದಲಾದ ಸುದ್ದಿಯನ್ನೇ ಒಂದು ದಿನ ತಡೆಹಿಡಿದಿದ್ದರು. ನಮ್ಮ ಲೈನಿನ ಅಷ್ಟೂ ಮನೆಗಳಲ್ಲಿ ಇದೇ ಪದ್ಧತಿ. ಅದು ತಪ್ಪೆಂದು ಎಂ.ಎಸ್ಸಿ. ಮಾಡಿದ ಮೇಲೆ ನನಗೆ ತಿಳಿಯಿತು. ತಿಳಿಯಿತೇ ಹೊರತು ಬೆರಳಿಗೆ ತಿಳಿಯಲಿಲ್ಲ.

ಕಾರ್ಖಾನೆಯ ವಾಸನೆಯ ವಿಷಯವೂ ಹಾಗೇ. ಬಿದಿರು, ನೀಲಗಿರಿ ಬೇಯುವ ಆ ನಾತಕ್ಕೆ ನೆಂಟರು ಬಸ್ಸಿಳಿಯುವಾಗಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. "ಯಾವ ವಾಸನೆ?" ಎಂದು ನಾವು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದೆವು. ದಿನವೂ ಬರುವುದು ಮೂಗಿಗೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಪೇಪರು ಹಾಳೆ ಹಾಳೆಯಾಗಿ ಪಾಲಾಗುತ್ತಿತ್ತು. ಎಲ್ಲರ ಪಾಲು ಕಳೆದು ನನಗೆ ಉಳಿಯುತ್ತಿದ್ದುದು ಆಟದ ಪುಟ, ಅದರ ಬೆನ್ನಿಗಿದ್ದ ಜಿಲ್ಲೆಯ ಅಪರಾಧ ಸುದ್ದಿ. ಒಂದೇ ಹಾಳೆಯಲ್ಲಿ ಎರಡನ್ನೂ ಕಲಿತದ್ದರಿಂದ ನನ್ನ ತಲೆಯಲ್ಲಿ ಅವೆರಡೂ ಸ್ವಲ್ಪ ಕಲಸಿಕೊಂಡಿವೆ. ಆಟದ ಪುಟದಲ್ಲಿ ಎಲ್ಲರೂ ಹೊಡೆದಾಡುತ್ತಿದ್ದರು. ಎದುರಾಳಿಯನ್ನು ಬಗ್ಗುಬಡಿಯುತ್ತಿದ್ದರು, ಮಣ್ಣು ಮುಕ್ಕಿಸುತ್ತಿದ್ದರು, ಬೆವರಿಳಿಸುತ್ತಿದ್ದರು. ಬೆನ್ನಿನ ಪುಟದಲ್ಲಿ ಪೊಲೀಸರು ಆಟವಾಡುತ್ತಿದ್ದರು. ಬಲೆ ಬೀಸುತ್ತಿದ್ದರು, ಸಿನಿಮೀಯ ರೀತಿಯಲ್ಲಿ ಬೆನ್ನಟ್ಟುತ್ತಿದ್ದರು, ಕಳ್ಳರು ಅವರಿಗೆ ಚಳ್ಳೆಹಣ್ಣು ತಿನ್ನಿಸುತ್ತಿದ್ದರು. ಎಲ್ಲಿ ನಾಲ್ಕು ಜನ ಸೇರಿದರೂ ಕೊನೆಗೆ ಒಂದು "ಲಘು ಲಾಠಿ ಪ್ರಹಾರ" ಇರುತ್ತಿತ್ತು. ಸಮಾರಂಭದ ಕೊನೆಗೆ ಲಘು ಉಪಾಹಾರವಿದೆ ಎಂದು ಆಮಂತ್ರಣ ಪತ್ರಿಕೆಯಲ್ಲಿ ಹಾಕುತ್ತಾರಲ್ಲ, ಅದರ ಹಾಗೆ ಇದೂ ಗಲಾಟೆಗೆ ಬಂದವರಿಗೆ ಹಂಚುವ ಏನೋ ಒಂದು ಎಂದು ಬಹಳ ದಿನ ತಿಳಿದಿದ್ದೆ. ಹೊಟ್ಟೆ ತುಂಬುವುದಿಲ್ಲ, ಆದರೆ ಬಂದದ್ದಕ್ಕೆ ಮೋಸವಿಲ್ಲ.

ಈ ಎರಡೂ ಪುಟಗಳಲ್ಲಿ ಫೋಟೋ ಹಾಕಿಸಿಕೊಂಡ ಒಬ್ಬನೇ ಮನುಷ್ಯನನ್ನು ನಾನು ಬಲ್ಲೆ. ಅವನು ಚಂದ್ರಪ್ಪ. ನಮ್ಮ ಲೈನಿನ ಕೊನೆಯ ಮನೆಯವನು, ಶಾಲೆಯಲ್ಲಿ ನನಗಿಂತ ಎರಡು ತರಗತಿ ಕೆಳಗೆ. ಇವತ್ತಿಗೂ ನನ್ನನ್ನು ಗಿರಿಜಕ್ಕ ಎಂದೇ ಕರೆಯುತ್ತಾನೆ. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ತೆಂಗಿನ ಸಸಿಯ ಹಾಗೆ ಎದ್ದುಬಿಟ್ಟ. ವಾಲಿಬಾಲ್ ನೆಟ್ಟಿನ ಮೇಲೆ ಅವನ ಕೈ ಮೊಣಕೈಯವರೆಗೂ ಕಾಣುತ್ತಿತ್ತು. ಒಮ್ಮೆ ಜಿಲ್ಲಾ ಮಟ್ಟದ ಪಂದ್ಯದ ಮಾರನೆಯ ದಿನ ಪೇಪರಿನಲ್ಲಿ ಅವನ ಫೋಟೋ ಬಂತು. ನೆಲ ಬಿಟ್ಟು ಮೂರಡಿ ಮೇಲೆ, ಬಲಗೈ ಬೀಸಿ ಎತ್ತಿದ್ದಾನೆ, ಕೆಳಗೆ "ಭದ್ರಾವತಿಯ ಸಿಡಿಲು" ಎಂದು ಅಚ್ಚಾಗಿದೆ. ಅಪ್ಪ ಅಂಚು ಉಜ್ಜಿ ನೋಡಿ "ನಮ್ದೇ" ಎಂದರು. ಕಾಗದಕ್ಕೆ ಹೇಳಿದರೋ ಚಂದ್ರಪ್ಪನಿಗೆ ಹೇಳಿದರೋ ತಿಳಿಯಲಿಲ್ಲ. ಅವತ್ತಿನಿಂದ ಕಾಗದನಗರದಲ್ಲಿ ಅವನ ಹೆಸರೇ ಸಿಡಿಲು. ಆ ಫೋಟೋಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಹೋದ, ಸೇರಿದ.

ಆ ಪಂದ್ಯ ನಾನೂ ನೋಡಿದ್ದೆ. ಅವನ ಏಟಿಗೆ ಚೆಂಡು ಎದುರು ಅಂಗಳದಲ್ಲಿ ಧೂಳೆಬ್ಬಿಸಿ ಬಿದ್ದದ್ದನ್ನು, ಜನ ಟೋಪಿ ಟವೆಲು ಮೇಲಕ್ಕೆ ಎಸೆದದ್ದನ್ನು ಎಷ್ಟೋ ವರ್ಷ ವರ್ಣಿಸಿಕೊಂಡು ಬಂದೆ. ಅವನ ಮದುವೆಯಲ್ಲಿ ಹೆಣ್ಣಿನ ಕಡೆಯವರ ಮುಂದೆ ಶುರು ಮಾಡಿದಾಗ ಪಕ್ಕದಲ್ಲಿದ್ದ ಮದುಮಗನೇ ನಕ್ಕುಬಿಟ್ಟ. "ಅಯ್ಯೋ ಅಕ್ಕ, ಆ ಬಾಲು ನೆಟ್ಟಿಗೆ ಹೋಗಿತ್ತು. ಆ ಸೆಟ್ಟೇ ಸೋತ್ವಿ. ಫೋಟೋದಲ್ಲಿ ಬಾಲು ಎಲ್ಲಿ ಬಿತ್ತು ಅಂತ ಬರಲ್ವಲ್ಲ" ಎಂದ. ನಾನೂ ನಕ್ಕೆ. ಆಗಲೇ ಬುದ್ಧಿ ಕಲಿಯಬೇಕಾಗಿತ್ತು. ಮದುವೆಯೂಟದ ಹೋಳಿಗೆಯ ಮುಂದೆ ಬುದ್ಧಿ ಕಲಿಯುವುದು ಯಾರಿಂದಾಗುತ್ತದೆ?

ಕಳೆದ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಾಗದನಗರದ ಮೈದಾನದಲ್ಲಿ ವಾಲಿಬಾಲ್ ಪಂದ್ಯಾವಳಿ ನಡೆಸಿದರು. ಕಾರ್ಖಾನೆ ನಿಂತು ವರ್ಷಗಳೇ ಆಗಿವೆ, ಕ್ವಾರ್ಟರ್ಸ್ ಮುಕ್ಕಾಲು ಪಾಲು ಖಾಲಿ. ಅವತ್ತು ಭಾನುವಾರ ಮಧ್ಯಾಹ್ನ ಮಾತ್ರ ಬಿಟ್ಟುಹೋದವರೆಲ್ಲ ಒಂದೇ ಸಲ ವಾಪಸು ಬಂದ ಹಾಗಿತ್ತು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಫೈನಲಿಗೆ ಬಂದದ್ದು ಶಿವಮೊಗ್ಗ ಮತ್ತು ಭದ್ರಾವತಿ. ನಮ್ಮನೆಯವರು ಶಿವಮೊಗ್ಗದವರು, ತಮ್ಮ ಸ್ನೇಹಿತರ ಜೊತೆ ಅಂಗಳದ ಆಚೆ ಕೂತರು. ನಾನು ಭದ್ರಾವತಿಯ ಜೆರ್ಸಿಯ ಬಣ್ಣಕ್ಕೆ ಸರಿಯಾಗಿ ನೀಲಿ ಸೀರೆ ಉಟ್ಟು ಈಚೆ ಕೂತೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ಕೇಳಬೇಡಿ.

ಕೂತದ್ದು ಗ್ಯಾಲರಿಯಲ್ಲಿ. ಗ್ಯಾಲರಿ ಎಂದರೆ ಕಂಬ ನೆಟ್ಟು, ಅಡಿಕೆ ಮರ ಸೀಳಿದ ದಬ್ಬೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಗ್ಗದಲ್ಲಿ ಕಟ್ಟಿದ್ದು. ನಾನಿದ್ದದ್ದು ಕೆಳಗಿನ ಸಾಲಿನ ತುದಿಯಲ್ಲಿ. ಮುಂದುಗಡೆ ಬಂದೋಬಸ್ತಿಗೆ ಚಂದ್ರಪ್ಪ ನಿಂತಿದ್ದ. ಈಗ ಭದ್ರಾವತಿಯಲ್ಲಿ ಹೆಡ್ ಕಾನ್‌ಸ್ಟೆಬಲ್. ಹೊಟ್ಟೆ ಸ್ವಲ್ಪ ಬಂದಿದೆ, ಎತ್ತರ ಮಾತ್ರ ಹಾಗೇ ಇದೆ. ಕೊನೆಯ ಸೆಟ್ಟಿನಲ್ಲಿ ಚೆಂಡು ಗೆರೆಯ ಮೇಲೆ ಬಿತ್ತೋ ಹೊರಗೆ ಬಿತ್ತೋ ಎಂದು ಜಗಳ ಹತ್ತಿತು. ತೀರ್ಪು ಶಿವಮೊಗ್ಗದ ಕಡೆ ಹೋಯಿತು. ಗ್ಯಾಲರಿಯಲ್ಲಿದ್ದವರೆಲ್ಲ ಎದ್ದು ನಿಂತು ಕುಣಿದರು, ಕೂಗಿದರು. ಚಂದ್ರಪ್ಪ ಲಾಠಿ ಎತ್ತಿಕೊಂಡು ನಮ್ಮ ಕಡೆ ಓಡಿಬಂದ.

ಮುಂದೆ ಆದದ್ದನ್ನು ನಾನು ಹೇಳುವ ಮುಂಚೆ ಪೇಪರ್ ಹೇಳಿಬಿಟ್ಟಿತು. ಪೇಪರಿಗೂ ಮುಂಚೆ ಫೋನು ಹೇಳಿತ್ತು. ಸಂಜೆ ಮನೆ ಮುಟ್ಟುವಷ್ಟರಲ್ಲಿ ಹನ್ನೊಂದು ಸೆಕೆಂಡಿನ ಒಂದು ವಿಡಿಯೋ ನಮಗಿಂತ ಮೊದಲೇ ಶಿವಮೊಗ್ಗ ತಲುಪಿತ್ತು. ಮೈದಾನದ ಪಕ್ಕದ ನೀರಿನ ಟ್ಯಾಂಕಿನ ಮೇಲೆ ನಿಂತು ಯಾರೋ ತೆಗೆದದ್ದು. ಚಂದ್ರಪ್ಪ ಲಾಠಿ ಎತ್ತಿ ಬೀಸುತ್ತಾನೆ, ಬಿಳಿ ಅಂಗಿಯ ಒಬ್ಬರು ಉರುಳಿ ಬೀಳುತ್ತಾರೆ, ಜನ ಚೆಲ್ಲಾಪಿಲ್ಲಿ. ಹಿನ್ನೆಲೆಯ ಸದ್ದು ತೆಗೆದು ನಗಾರಿ ಬಾರಿಸಿದ್ದರು. ಮೇಲೆ ಬೆಂಕಿಯ ಬಣ್ಣದ ಅಕ್ಷರದಲ್ಲಿ "ಕ್ರೀಡಾಭಿಮಾನಿಗಳ ಮೇಲೆ ಖಾಕಿ ದರ್ಪ." ಸೋಮವಾರ ಪೇಪರಿನಲ್ಲಿ ಆ ವಿಡಿಯೋದ್ದೇ ಒಂದು ಚೂರು ಫೋಟೋ ಆಗಿ ಬಂತು, ಜೊತೆಗೆ ನಮ್ಮ ಹಳೆಯ ಲಘು ಲಾಠಿ ಪ್ರಹಾರ. ಗೆದ್ದದ್ದು ಯಾರು ಎಂಬುದು ಕೊನೆಯ ಸಾಲಿನಲ್ಲಿತ್ತು. ನಾನು ಓದಿ ಮುಗಿಸಿ, ಮಡಚಿ, ಡೈರಿಯ ಕೆಳಗಿಟ್ಟುಕೊಂಡು ಬರೆದೆ: "ನಿನ್ನೆ ಕಾಗದನಗರದಲ್ಲಿ ಫೈನಲ್. ತೀರ್ಪಿನ ವಿಷಯವಾಗಿ ಗಲಾಟೆ. ಪೊಲೀಸರಿಂದ ಲಘು ಲಾಠಿ ಪ್ರಹಾರ. ಚಂದ್ರಪ್ಪ ಬಿಳಿ ಅಂಗಿಯವರಿಗೆ ಹೊಡೆದದ್ದನ್ನು ಕಣ್ಣಾರೆ ಕಂಡೆ. ಬೇಸರವಾಯಿತು."

ಬೇಸರವಾದದ್ದು ನಿಜ. ಆ ಒಂದು ಪದಕ್ಕೆ ಮಾತ್ರ ನಾನೀಗಲೂ ಜವಾಬ್ದಾರಳು.

ಮಂಗಳವಾರ ರವಿಕೆಯ ಲೈನಿಂಗ್ ತರಲು ಗಾಂಧಿ ಬಜಾರಿಗೆ ಹೋಗಿದ್ದೆ. ನಾನು ಯಾವಾಗಲೂ ಹೋಗುವ ಬಟ್ಟೆ ಅಂಗಡಿಯವರು ಬಟ್ಟೆ ಅಳೆಯುತ್ತ ಕಾಗದನಗರದ ಗಲಾಟೆಯನ್ನು ಮೊದಲಿಂದ ಕೊನೆಯವರೆಗೂ ನನಗೆ ವಿವರಿಸಿದರು. ಆಟಗಾರನೊಬ್ಬನ ಮೇಲೂ ಕೈಮಾಡಿದರಂತೆ ಎಂದು ನನಗೆ ಗೊತ್ತಿಲ್ಲದ್ದನ್ನೂ ಸೇರಿಸಿದರು. ಹಾಗೇನೂ ಆಗಲಿಲ್ಲ, ನಾನು ಅಲ್ಲೇ ಇದ್ದೆ ಎಂದೆ. ಅವರು ಮೀಟರ್ ಕೋಲನ್ನು ಕೆಳಗಿಟ್ಟು ಕನಿಕರದಿಂದ, "ಹಂಗಾದ್ರೆ ನೀವು ಸರೀಗೆ ನೋಡಿಲ್ಲ ಮೇಡಂ. ವಿಡಿಯೋ ನೋಡಿ, ಬರಾಬರ್ ಗೊತ್ತಾಗುತ್ತೆ" ಎಂದು ಫೋನನ್ನು ನನ್ನ ಮುಂದೆ ಹಿಡಿದರು. ನೋಡಿದೆ. ಮೂಲೆಯಲ್ಲಿ ನೀಲಿ ಸೀರೆಯ ಹೆಂಗಸೊಬ್ಬಳ ಬೆನ್ನು ಕಾಣುತ್ತಿತ್ತು. "ಈಯಮ್ಮ ಯಾರೋ ನೋಡಿ, ಎಲ್ಲಾ ಓಡಿದ್ರೂ ಕೂತೇ ಇದಾರೆ, ಪಾಪ" ಎಂದರು ಅವರು. ಪಾಪ ಎಂದು ನಾನೂ ಒಪ್ಪಿ ಲೈನಿಂಗ್ ತೆಗೆದುಕೊಂಡು ಬಂದೆ.

ಬುಧವಾರ ಚಂದ್ರಪ್ಪ ಮನೆಗೆ ಬಂದ. ಅವನನ್ನು ಯೂನಿಫಾರ್ಮ್ ಇಲ್ಲದೆ ನೋಡಿ ಬಹಳ ದಿನವಾಗಿತ್ತು. ಮೊದಲು ಸುಮ್ಮನೆ ಬಂದವನ ಹಾಗೆ ನಮ್ಮನೆಯವರ ಸಕ್ಕರೆ ಕಾಯಿಲೆ ವಿಚಾರಿಸಿದ. ಆಮೇಲೆ ಹೇಳಿದ. ಸೋಮವಾರ ಮಧ್ಯಾಹ್ನವೇ ಅಮಾನತ್ತಿನ ಆದೇಶ ಕೈಗೆ ಬಂದಿದೆ, ಶುಕ್ರವಾರದಿಂದ ವಿಚಾರಣೆ. ಕೆಲಸದ ಮಾತು ಹೇಳುವಾಗ ಅವನ ದನಿ ನೆಟ್ಟಗಿತ್ತು. ಮಗಳ ಮಾತು ಬಂದಾಗ ನೆಲ ನೋಡಿದ. ಅವಳು ಯೂನಿವರ್ಸಿಟಿ ತಂಡಕ್ಕೆ ವಾಲಿಬಾಲ್ ಆಡುತ್ತಾಳೆ. ಅಭ್ಯಾಸಕ್ಕೆ ಇಳಿದರೆ ಬದಿಯಲ್ಲಿ ನಿಂತ ಯಾರೋ ಲಾಠಿ, ಲಾಠಿ ಎಂದು ಕೂಗುತ್ತಾರಂತೆ. ಇನ್ನು ಆಡುವುದಿಲ್ಲವೆಂದು ಶೂ ಬಿಚ್ಚಿಟ್ಟು ಕೂತಿದ್ದಾಳೆ.

"ಗ್ಯಾಲರಿ ವಾಲ್ತಿತ್ತು ಅಕ್ಕ" ಎಂದ. "ನೀವಿದ್ದ ತುದೀಲಿ ಕಂಬ ಬಿರುಕು ಬಿಡ್ತಿತ್ತು. ಕೂಗಿದ್ರೆ ಯಾರಿಗೂ ಕೇಳಲ್ಲ. ಅದಕ್ಕೇ ದಬ್ಬೆಗೆ ಬಡಿದೆ, ಸದ್ದಿಗಾದ್ರೂ ಇಳೀಲಿ ಅಂತ. ಇಳಿದ್ರು. ಅದು ಬೀಳ್ಲಿಲ್ಲ."

ಬಿದ್ದಿದ್ದರೆ ಅವನು ಇಷ್ಟು ಹೊತ್ತಿಗೆ ವೀರನಾಗಿರುತ್ತಿದ್ದ. ಬೀಳದ ಗ್ಯಾಲರಿ ಯಾವ ಪೇಪರಿಗೂ ಸುದ್ದಿಯಲ್ಲ. ಪಂದ್ಯ ನಡೆಸಿದವರು ಮಾರನೆಯ ಬೆಳಿಗ್ಗೆಯೇ ಅದನ್ನು ಬಿಚ್ಚಿ ದಬ್ಬೆಗಳನ್ನು ಸಾಗಿಸಿದ್ದರು. ಗ್ಯಾಲರಿ ಸರಿಯಿರಲಿಲ್ಲವೆಂದು ಅವರು ತಾವಾಗಿ ಒಪ್ಪಿಕೊಳ್ಳುವರೇ? ಆ ತುದಿಯಲ್ಲಿ ಕೂತಿದ್ದವರಲ್ಲಿ ಅವನಿಗೆ ಗುರುತಿದ್ದದ್ದು ನಾನೊಬ್ಬಳೇ.

"ನೀವು ದಿನಾ ಡೈರಿ ಬರೀತೀರಿ ಅಂತ ಸಾಹೇಬ್ರಿಗೂ ಹೇಳಿದೀನಿ" ಎಂದ. "ನನ್ನ ಪರವಾಗಿ ಏನೂ ಹೇಳ್ಬೇಡಿ ಅಕ್ಕ. ಅದ್ರಲ್ಲಿ ಇರೋದನ್ನ ತೋರ್ಸಿ, ಅಷ್ಟೇ ಸಾಕು."

ಅವನು ಹೋದ ಮೇಲೆ ಡೈರಿ ತೆಗೆದೆ. ಕಣ್ಣಾರೆ ಕಂಡೆ ಎಂಬ ಎರಡು ಪದಗಳು ನನ್ನದೇ ದುಂಡು ಅಕ್ಷರದಲ್ಲಿ ಕೂತಿದ್ದವು. ಇದನ್ನು ತೋರಿಸಿದರೆ ಅವನ ಕೆಲಸವನ್ನು ನಾನೇ ಕಿತ್ತುಕೊಂಡ ಹಾಗೆ. ಅಡಗಿಸಿಟ್ಟರೆ ನಾನು ಸುಳ್ಳುಗಾತಿ. ಇನ್ನೂ ಕಷ್ಟದ ಮಾತೆಂದರೆ, ಕಣ್ಣು ಮುಚ್ಚಿದರೆ ನನಗೆ ಅವನು ಹೊಡೆದದ್ದೇ ಕಾಣುತ್ತಿತ್ತು. ಲಾಠಿ ಇಳಿದದ್ದು, ಬಿಳಿ ಅಂಗಿ ಉರುಳಿದ್ದು, ಜನ ಓಡಿದ್ದು, ಮೂಲೆಯಲ್ಲಿ ನೀಲಿ ಸೀರೆಯ ಹೆಂಗಸು ಕೂತೇ ಇದ್ದದ್ದು.

ಅಲ್ಲಿಗೆ ನಿಂತೆ. ಆ ಹೆಂಗಸು ನಾನು. ನನ್ನ ಬೆನ್ನನ್ನು ನಾನು ನೋಡಿದ್ದು ಹೇಗೆ? ನೀರಿನ ಟ್ಯಾಂಕಿನ ಮೇಲಿಂದ ನೋಡಿದ ನೆನಪು, ಕೆಳಗಿನ ಸಾಲಿನಲ್ಲಿ ಕೂತವಳ ತಲೆಯೊಳಗೆ ಯಾವ ದಾರಿಯಿಂದ ಬಂತು?

ನಮ್ಮನೆಯವರನ್ನು ಕರೆದು ಹೇಳಿದೆ. ಅವರು ಮೊದಲು ಮನಸಾರೆ ನಕ್ಕರು. ಆಮೇಲೆ ನನ್ನ ಮುಖ ನೋಡಿ ಕನ್ನಡಕ ತೆಗೆದಿಟ್ಟು ಕೂತರು. "ಮಕ್ಕಳಿಗೆ ಹೇಳ್ತೀಯಲ್ಲ ಮಾರಾಯ್ತಿ, ಅದನ್ನೇ ಮಾಡು. ಪುಸ್ತಕ ಮುಚ್ಚು. ವಿಡಿಯೋದಲ್ಲಿ ಇಲ್ದೇ ಇರೋದು ಏನು ಗೊತ್ತು ನಿಂಗೆ?" ಎಂದರು.

ವಿಡಿಯೋದಲ್ಲಿ ಇಲ್ಲದ್ದು ಸದ್ದು. ಅದರಲ್ಲಿದ್ದದ್ದು ಬರೀ ನಗಾರಿ. ಹಾಗಾದರೆ ನನಗೆ ಸದ್ದೇನಾದರೂ ನೆನಪಿದ್ದರೆ ಅದು ನನ್ನದೇ. ಕಣ್ಣಿಗೆ ಬಂದ ಚಿತ್ರಗಳನ್ನೆಲ್ಲ ಆಚೆ ತಳ್ಳುತ್ತ, ಕೊಟ್ಟಿಗೆಯಿಂದ ದನ ಹೊರಗೆ ಅಟ್ಟಿದಂತೆ, ಅರ್ಧ ಗಂಟೆ ಕೂತೆ. ನಿಧಾನಕ್ಕೆ ಒಂದು ಸದ್ದು ಬಂತು. ಒಣಗಿದ ಟೊಳ್ಳು ಮರಕ್ಕೆ ಬಡಿದ ಸದ್ದು, ಎರಡು ಸಲ, ಮೂರು ಸಲ. ಅದರ ಹಿಂದೆ ಬೆನ್ನ ಕಡೆಯಿಂದ ಹಗ್ಗ ಬಿಗಿದು ಕಿರುಗುಟ್ಟಿದ್ದು. "ಇಳೀರಿ, ಇಳೀರಿ" ಎಂದದ್ದು. ಆಮೇಲೆ ಕೂತಿದ್ದ ದಬ್ಬೆ ಒಂದು ಪಕ್ಕಕ್ಕೆ ಸರಿದದ್ದು. ಎಲ್ಲರೂ ಓಡಿದರೂ ನಾನು ಕೂತೇ ಇದ್ದದ್ದು ಧೈರ್ಯದಿಂದಲ್ಲ. ಎರಡೂ ಕೈಯಲ್ಲಿ ದಬ್ಬೆಯನ್ನು ಹಿಡಿದುಕೊಂಡು ಏಳುವುದಕ್ಕೇ ಆಗಿರಲಿಲ್ಲ.

ಇದನ್ನೆಲ್ಲ ಹೇಳುತ್ತ ನಾನು ಕೈ ಎಂದೊಡನೆ ನಮ್ಮನೆಯವರು ನನ್ನ ಬಲಗೈ ಎಳೆದು ಅಂಗೈ ನೋಡಿದರು. ಹೆಬ್ಬೆರಳ ಬುಡದಲ್ಲಿ ಸಣ್ಣದೊಂದು ಕೆಂಪು ಗುರುತು. "ಸೋಮವಾರ ಪಿನ್ನಲ್ಲಿ ಸಿಬಿರು ತೆಗೆದಿದ್ದು ನಾನು. ಅಡಿಕೆ ದಬ್ಬೆದು, ಉಗುರುದ್ದ ಇತ್ತು. ಬರ್ದಿದೀಯಾ ಅದನ್ನ?" ಎಂದರು.

ಬರೆದಿರಲಿಲ್ಲ. ಪೇಪರಿನಲ್ಲಿ ಬಂದಿರಲಿಲ್ಲವಲ್ಲ.

ಶುಕ್ರವಾರ ಡೈರಿಯನ್ನು ಚೀಲದಲ್ಲಿ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಏನೇ ಹೇಳಿದರೂ ಅದು ಅವನ ಮೇಲಿನ ಪ್ರೀತಿಯಿಂದ ಹುಟ್ಟಿದ ಸದ್ದು ಅಲ್ಲವೆಂದು ಹೇಗೆ ಹೇಳಲಿ? ಸಿಬಿರೊಂದು ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಇಳಿದು ವಾಪಸು ಬರುತ್ತಿದ್ದೆನೋ ಏನೋ.

ವಿಚಾರಣೆಯ ಅಧಿಕಾರಿ ನನಗಿಂತ ಚಿಕ್ಕವರು, ಮೃದು ಮಾತಿನವರು. ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಕಂಪ್ಯೂಟರ್ ಮುಂದೆ ಕೂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಅಧಿಕಾರಿ ಕೈಯೆತ್ತಿ ತಡೆದರು. "ಒಂದ್ ವಿಷ್ಯ ಮೇಡಂ. ಬೆಳಿಗ್ಗೆಯಿಂದ ಒಂಬತ್ತು ಜನ ಬಂದ್ರು. ಎಲ್ರೂ ವಿಡಿಯೋನೇ ಹೇಳಿ ಹೋದ್ರು. ಅದು ನನ್ ಹತ್ರಾನೂ ಇದೆ" ಎಂದರು. ಆ ಮನುಷ್ಯನ ಮೇಲೆ ನನಗೆ ಒಮ್ಮೆಗೇ ಗೌರವ ಹುಟ್ಟಿತು. ನನ್ನ ಪ್ರಾಕ್ಟಿಕಲ್ ತರಗತಿಗೆ ಇಂಥವರೊಬ್ಬರು ಸಹಾಯಕರು ಬೇಕಿತ್ತು.

ಡೈರಿಯನ್ನು ಮೇಜಿನ ಮೇಲಿಟ್ಟೆ. ಆ ಪುಟವನ್ನು ನಾನೇ ತೆರೆದು ಕೊಟ್ಟೆ. ಅವರು ಓದಿದರು. ಹುಬ್ಬು ಮೇಲೆ ಹೋಯಿತು.

"ಕಣ್ಣಾರೆ ಕಂಡೆ ಅಂತಿದೆಯಲ್ಲ?"

"ಕಂಡಿಲ್ಲ. ಬೆಳಿಗ್ಗೆ ಪೇಪರ್ ಓದಿ ಬರೆದದ್ದು ಅದು."

"ಮತ್ತೆ ಕಂಡಿದ್ದೇನು?"

ಸದ್ದು ಹೇಳಿದೆ, ಹಗ್ಗ ಹೇಳಿದೆ, ದಬ್ಬೆ ಸರಿದದ್ದು ಹೇಳಿದೆ, ಅಂಗೈ ತೋರಿಸಿದೆ. ಅವರು ಪೆನ್ನಿನ ತುದಿಯಿಂದ ಆ ಗುರುತನ್ನು ಮುಟ್ಟದೆಯೇ ಸುತ್ತು ಹಾಕಿ ನೋಡಿದರು. ಆಮೇಲೆ ಕೇಳಬೇಕಾದ್ದನ್ನು ಕೇಳಿದರು.

"ಅವ್ರು ಯಾರಿಗೂ ಹೊಡೀಲಿಲ್ಲ ಅಂತ ಹೇಳ್ತೀರಾ?"

ಹೌದು ಎನ್ನುವುದು ನಾಲಿಗೆಯ ತುದಿಯವರೆಗೂ ಬಂದಿತ್ತು. ಗೋಡೆಯ ಆಚೆ ಬೆಂಚಿನ ಮೇಲೆ ಚಂದ್ರಪ್ಪ ಕೂತಿರುವುದು ಗೊತ್ತಿತ್ತು. "ಹೊಡೆದಿದ್ದು ನಾನು ನೋಡಿಲ್ಲ. ಹೊಡೀಲಿಲ್ಲ ಅನ್ನೋದನ್ನೂ ನೋಡಿಲ್ಲ. ದಬ್ಬೆಗೆ ಬಡಿದಿದ್ದು ಕೇಳಿಸ್ತು. ಅಷ್ಟೇ ನನ್ನದು" ಎಂದೆ.

ರೈಟರ್ ಅದನ್ನೆಲ್ಲ ಇಲಾಖೆಯ ಕನ್ನಡಕ್ಕೆ ಇಳಿಸಿದರು. ಸದರಿಯವರು ತಮ್ಮ ದಿನಚರಿಯನ್ನು ಪತ್ರಿಕೆ ಓದಿದ ನಂತರ ಬರೆಯುವ ರೂಢಿ ಉಳ್ಳವರಾಗಿದ್ದು, ಸದರಿ ದಿನಚರಿಯು ನಂಬಲರ್ಹವಲ್ಲವೆಂದು ತಾವೇ ಸ್ವಇಚ್ಛೆಯಿಂದ ತಿಳಿಸಿರುತ್ತಾರೆ. ಮೂವತ್ತು ವರ್ಷದ ಬರವಣಿಗೆಗೆ ಬಂದ ಮೊದಲ ವಿಮರ್ಶೆ ಅದು. ಓದಿ ಕೆಳಗೆ ಸಹಿ ಮಾಡಿದೆ. ಹೊರಗೆ ಬಂದಾಗ ಚಂದ್ರಪ್ಪ ಬೆಂಚಿನಿಂದ ಎದ್ದು ನಿಂತ. ಡೈರಿಯಲ್ಲಿ ಏನಿತ್ತೆಂದು ಕೇಳಲಿಲ್ಲ. ನಾನು ಹೇಳಿದೆ. ಹೇಳದೆ ಬಸ್ಸು ಹತ್ತುವುದು ಆಗಲಿಲ್ಲ. ಅವನು, "ಪೇಪರ್ ಓದಿದ್ರೆ ನಾನೂ ಹಂಗೇ ಬರೀತಿದ್ದೆ ಬಿಡಿ ಅಕ್ಕ" ಎಂದು ಬಸ್ ಸ್ಟಾಂಡಿನವರೆಗೂ ಬಂದು ಹತ್ತಿಸಿದ.

ನನ್ನ ಮಾತಿನಿಂದಲೇ ಎಲ್ಲ ಸರಿಯಾಯಿತೆಂದು ಹೇಳಿಕೊಳ್ಳುವ ಆಸೆ ನನಗಿದೆ. ಹಾಗಾಗಲಿಲ್ಲ. ಹಗ್ಗದ ಸದ್ದಿನ ಮಾತು ಕೇಳಿದ ಮೇಲೆ ಅಧಿಕಾರಿ ದಬ್ಬೆ, ಕಂಬ ಬಾಡಿಗೆಗೆ ಕೊಟ್ಟವರನ್ನು ಕರೆಸಿದರಂತೆ. ತುದಿಯ ಕಂಬವೊಂದು ಉದ್ದಕ್ಕೆ ಸೀಳಿದ್ದು ಅವರ ಅಂಗಳದಲ್ಲೇ ಬಿದ್ದಿತ್ತಂತೆ. ಬಿಳಿ ಅಂಗಿಯವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅವರು ದೂರು ಕೊಡಲೂ ಬರಲಿಲ್ಲ, ಸಾಕ್ಷಿ ಹೇಳಲೂ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಮಾನತ್ತು ರದ್ದಾಯಿತು. ಆ ಸುದ್ದಿಯನ್ನು ನಾನು ಪೇಪರಿನಲ್ಲಿ ಎರಡು ವಾರ ಹುಡುಕಿದೆ. ಗಾಂಧಿ ಬಜಾರಿನ ಅಂಗಡಿಯವರಿಗೆ ನಾನೇ ಹೇಳಿದೆ. ಅವರು, "ಹೌದಾ? ವಿಡಿಯೋ ಬಂದಿದ್ಯಾ?" ಎಂದು ಕೇಳಿದರು.

ಮತ್ತೆ ಕೆಲಸಕ್ಕೆ ಹಾಜರಾದ ವಾರ ಚಂದ್ರಪ್ಪ ಮನೆಗೆ ಬಂದಿದ್ದ. ಯೂನಿಫಾರ್ಮಿನಲ್ಲಿದ್ದ, ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ. ಮಗಳು ಮತ್ತೆ ಅಂಗಳಕ್ಕೆ ಇಳಿದಿದ್ದಾಳೆ, ಕೂಗುವವರು ಈಗಲೂ ಕೂಗುತ್ತಾರೆ, ಆದರೆ ಅವಳು ಕೂಗಿದ ಕಡೆಗೇ ಸರ್ವಿಸ್ ಹೊಡೆಯುತ್ತಾಳಂತೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ನಮ್ಮನೆಯವರ ಜೊತೆ ಕಾಫಿ ಕುಡಿದ, ಶಿವಮೊಗ್ಗ ಗೆದ್ದದ್ದು ಅನ್ಯಾಯದಿಂದ ಎಂದು ಜಗಳವಾಡಿದ, ಎದ್ದ. ಗೇಟಿನವರೆಗೆ ನಾನೂ ಹೋದೆ. ಬೈಕಿನ ಹತ್ತಿರ ಹೋದವನು ತಿರುಗಿ ನಿಂತು ಕ್ಯಾಪನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"ಅಕ್ಕ, ಒಂದ್ ಮಾತು ಕೇಳ್ಲಾ? ಆ ವಿಡಿಯೋ ಎಷ್ಟು ಸಲ ನೋಡಿದೀನೋ ನಂಗೇ ಗೊತ್ತಿಲ್ಲ. ಮೊದ್ಲು ನೋಡ್ವಾಗ ದಬ್ಬೆಗೆ ಬಡಿದಿದ್ದು ಕೈಗೆ ನೆನಪಿತ್ತು. ಈಗೀಗ ಕೈಗೂ ನೆನಪಿಲ್ಲ. ಆ ಬಿಳಿ ಅಂಗಿಯೋರಿಗೆ ತಾಗ್ತಾ ಅಕ್ಕ?"

"ಇಲ್ಲ ಚಂದ್ರಪ್ಪ. ತಾಗ್ಲಿಲ್ಲ" ಎಂದೆ.

"ನೋಡಿದ್ರಾ?"

"ನೋಡ್ದೆ."

ಅವನು ಉಸಿರು ಬಿಟ್ಟು, ಕ್ಯಾಪ್ ಹಾಕಿಕೊಂಡು, ಬೈಕು ಹತ್ತಿ ಹೋದ. ಅಧಿಕಾರಿಯ ಮುಂದೆ ಹೇಳಲಾಗದ್ದನ್ನು ಇಲ್ಲಿ ಎಷ್ಟು ಸಲೀಸಾಗಿ ಹೇಳಿದ್ದೆ. ಸುಳ್ಳು ಹೇಳಿದೆನೇ ಎಂದು ಅಲ್ಲೇ ನಿಂತು ನನ್ನನ್ನು ಕೇಳಿಕೊಂಡೆ. ಸುಳ್ಳೆನ್ನುವುದಕ್ಕೂ ಬಾಯಿ ಬರಲಿಲ್ಲ. ಏಕೆಂದರೆ ಅವನು ಕೇಳಿದ ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ಕಂಡಿತ್ತು. ಲಾಠಿ ದಬ್ಬೆಯ ಮೇಲೆ ಬಿದ್ದದ್ದು, ಬಿಳಿ ಅಂಗಿಯವರು ಒಂದು ಮೊಳ ಆಚೆ ತಮ್ಮ ಪಾಡಿಗೆ ತಾವು ಕಾಲು ಜಾರಿದ್ದು, ಅವರ ಚಪ್ಪಲಿಯೊಂದು ಕಳಚಿ ಹುಲ್ಲಿನ ಮೇಲೆ ಉಳಿದದ್ದು. ಎಲ್ಲವೂ ಕೆಳಗಿನ ಸಾಲಿನಿಂದ, ನನ್ನದೇ ಕಣ್ಣಿನ ಎತ್ತರದಿಂದ, ಬಹಳ ಸ್ಪಷ್ಟವಾಗಿ. ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದಲೇ ನನಗೆ ಅನುಮಾನ.